ಹಳೇ ಮೇಷ್ಟ್ರು ಕರೆತಂದವರು

ಆ ಊರು ಯಾವ ದಿಕ್ಕಿಗಿತ್ತು ಎಂದು ಕೇಳಬೇಡಿ. ಕೇಳಿದವರಿಗೆಲ್ಲ ಅಲ್ಲಿನವರು ಹೇಳುತ್ತಿದ್ದುದು ಒಂದೇ ಮಾತು: ಬಯಲು ಎಲ್ಲಿದೆಯೋ ಅಲ್ಲಿ ನಮ್ಮೂರು. ಬಯಲಿನ ಒಂದು ಬದಿಗೆ ಕಾಲೇಜು, ಇನ್ನೊಂದು ಬದಿಗೆ ಕಲ್ಲಿನ ಮೆಟ್ಟಿಲು. ಕಾಲೇಜಿನಲ್ಲಿ ಏನು ಕಲಿಸುತ್ತಾರೆ ಎಂಬುದು ಊರಿನ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಕಾಲೇಜು ಇದ್ದದ್ದು ಕಾಲ್ಚೆಂಡಿನ ತಂಡ ಇಟ್ಟುಕೊಳ್ಳುವುದಕ್ಕೆ, ತಂಡ ಇದ್ದದ್ದು ಹೊಳೆಯಾಚೆಯ ಕಾಲೇಜನ್ನು ಸೋಲಿಸುವುದಕ್ಕೆ, ಊರು ಇದ್ದದ್ದು ಮೆಟ್ಟಿಲ ಮೇಲೆ ಕೂತು ಅದನ್ನು ನೋಡುವುದಕ್ಕೆ. ನೋಡುವುದು ಅಂದರೆ ಬಾಯಿ ನೋಯುವ ತನಕ ಮಾತಾಡುವುದು ಎಂದೇ ಅಲ್ಲಿ ಅರ್ಥ.

ಆಟ ಕಲಿಸುವವರನ್ನು ಊರು ಮೇಷ್ಟ್ರು ಅನ್ನುತ್ತಿತ್ತು. ಕಲಿಸುವುದು ಅವರ ಅರ್ಧ ಕೆಲಸ. ಉಳಿದರ್ಧ ಆಡುವವರನ್ನು ಹುಡುಕಿ ತರುವುದು. ಬಿಸಿಲು ಏರುವ ಕಾಲಕ್ಕೆ ಮೇಷ್ಟ್ರು ಹೆಗಲಿಗೊಂದು ಚೀಲ ಹಾಕಿಕೊಂಡು ಹೊರಡುತ್ತಿದ್ದರು. ಊರೂರು ತಿರುಗಿ, ಸಂತೆಮಾಳದಲ್ಲಿ, ಬತ್ತಿದ ಕೆರೆಯಂಗಳದಲ್ಲಿ ಆಡುವವರ ಕಾಲು ನೋಡಿ, ಮೆಚ್ಚಿದವನ ಕೈಹಿಡಿದು ಕರೆತರುತ್ತಿದ್ದರು. ಕರೆತಂದವನನ್ನು ಮೆಟ್ಟಿಲ ಮೇಲೆ ಕೂರುವವರ ಪೈಕಿ ಯಾರದಾದರೂ ಮನೆಯಲ್ಲಿ ಬಿಡುತ್ತಿದ್ದರು. ಯಾರ ಮನೆ ಎಂದು ಅವರೇ ಗೊತ್ತುಮಾಡುತ್ತಿದ್ದರು, ಬೇಡ ಅನ್ನುವ ಹಾಗಿರಲಿಲ್ಲ. ಅಂದಿನಿಂದ ಅವನು ಆ ಮನೆಯವನು.

ಹಾಗೆ ಬಹಳ ಕಾಲ ಊರಿಗೆ ಆಟಗಾರರನ್ನು ಕರೆತಂದ ಮೇಷ್ಟ್ರು ಒಂದು ಬೆಳಿಗ್ಗೆ ತಮ್ಮ ಸೀಟಿಯನ್ನು ಬಯಲಂಚಿನ ಬೆಂಚಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಹೊರಟುಹೋದರು. ಊರು ಒಂದಷ್ಟು ದಿನ ದಾರಿ ನೋಡಿತು. ಆಮೇಲೆ ಅವರನ್ನು ಹಳೇ ಮೇಷ್ಟ್ರು ಅನ್ನತೊಡಗಿತು. ಹೊಸ ಮೇಷ್ಟ್ರು ಬಂದು ಬೇವಿನ ಮರದ ನೆರಳಲ್ಲಿ ಕೈಕಟ್ಟಿ ಕೂತರು. ಅವರಿಗೆ ಕಾಯದೆ ಬೇರೆ ಉಪಾಯವಿರಲಿಲ್ಲ, ಏಕೆಂದರೆ ಆ ಊರಿಗೊಂದು ಕಟ್ಟಳೆಯಿತ್ತು.

ಮೇಷ್ಟ್ರೊಬ್ಬರು ಹೋದ ಮೇಲೆ ಅವರು ಕರೆತಂದವರನ್ನೆಲ್ಲ ಊರು ಒಮ್ಮೆ ತೂಗಿ ನೋಡಬೇಕು. ತೂಗಿ ಮುಗಿಯುವ ತನಕ ಬಯಲಲ್ಲಿ ಯಾರೂ ಚೆಂಡು ಒದೆಯುವಂತಿಲ್ಲ. ತೂಗುವುದಕ್ಕೆ ತಕ್ಕಡಿ ಬೇಕಿರಲಿಲ್ಲ. ಬಯಲಿನ ನಟ್ಟನಡುವೆ ತೊಗಲಿನ ಹಳೆಯ ಚೆಂಡೊಂದನ್ನು ಊದಿ, ಬಿಗಿಮಾಡಿ ಇಡುತ್ತಿದ್ದರು. ಮೆಟ್ಟಿಲ ಮೇಲೆ ಕೂತವರು ಮಾತಾಡುತ್ತಿದ್ದರು. ಯಾರಾದರೂ ಸುಳ್ಳು ಹೇಳಿದರೆ ಚೆಂಡು ಕುಗ್ಗುತ್ತಿತ್ತು. ತಿಳಿಯದೆ ತಪ್ಪು ಹೇಳಿದರೆ ಅದಕ್ಕೇನೂ ಆಗುತ್ತಿರಲಿಲ್ಲ; ತಪ್ಪು ಎಲ್ಲರೂ ಮಾಡುವಂಥದ್ದು ಎಂದು ಚೆಂಡಿಗೂ ಗೊತ್ತಿದ್ದಿರಬೇಕು. ಮನಸ್ಸಿಗೆ ಒಂದು ಗೊತ್ತಿದ್ದು ಬಾಯಿ ಇನ್ನೊಂದು ಆಡಿದರೆ ಮಾತ್ರ ಅದು ಉಸ್ಸೆಂದು ಗಾಳಿ ಬಿಡುತ್ತಿತ್ತು. ಆಗ ಸುಳ್ಳು ಹೇಳಿದವನು ಎದ್ದು ಹೋಗಿ, ತಾನು ಮುಚ್ಚಿಟ್ಟ ನಿಜವನ್ನು ಚೆಂಡಿಗೆ ಹೇಳಿ, ತನ್ನ ಬಾಯಿಂದಲೇ ಊದಿ ತುಂಬಬೇಕು. ನಿಜ ಹೇಳದೆ ಊದಿದರೆ ಗಾಳಿ ನಿಲ್ಲುತ್ತಿರಲಿಲ್ಲ.

ಹೊಗಳುವುದಕ್ಕೆ ಒಬ್ಬ, ತಕರಾರು ಎತ್ತುವುದಕ್ಕೆ ಒಬ್ಬ, ನಡುವೆ ಕೂತು ಕೇಳುವುದಕ್ಕೆ ಮೆಟ್ಟಿಲಜ್ಜಿ. ತಕರಾರಿಲ್ಲದೆ ತೂಗಿದ್ದು ತೂಕವಲ್ಲ ಎಂದು ಊರಿನ ನಂಬಿಕೆ. ಕರೆತಂದವನೊಬ್ಬನ ಬಗ್ಗೆ ತಕರಾರಿನವನು ಎದ್ದು ನಿಂತು ‘ತರಬಾರದಿತ್ತು’ ಎಂದರೆ, ಆ ಮಾತಿಗೆ ಚೆಂಡು ಬಿಗಿಯಾಗಿಯೇ ಉಳಿದರೆ, ಅವನು ಹೊತ್ತು ಮುಳುಗುವುದರೊಳಗೆ ಬಂದ ದಾರಿಯಲ್ಲೇ ವಾಪಸು ನಡೆಯಬೇಕು. ಅವನ ತಲೆ ನರೆತಿದ್ದರೂ ಸರಿಯೇ. ಒಬ್ಬ ಮನಸಾರೆ ಬೇಡವೆಂದರೆ ಅವನಿಗೆ ಆ ಊರಿನ ನೀರಿನ ಋಣ ಮುಗಿಯಿತು.

ತಕರಾರಿನವನಿಗೆ ಈ ಕೆಲಸ ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕಾಲು ಕೆರೆದು ಜಗಳಕ್ಕೆ ನಿಲ್ಲುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಣ್ಣನ ಜೊತೆ ಜಗಳವಾಡಿ ಮನೆಯ ನಡುವೆ ಗೋಡೆ ಎಬ್ಬಿಸಿದ. ಗೋಡೆ ಸೊಟ್ಟಗಿದೆ ಎಂದು ಗಾರೆಯವನ ಜೊತೆ ಜಗಳವಾಡಿದ. ಆಮೇಲೆ ಜಗಳವಾಡುವುದಕ್ಕೆ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಬಹಳ ವರ್ಷ ಬಾಗಿಲಿಗೆ ಅಗುಳಿ ಹಾಕಿ, ಒಲೆಯ ಮುಂದೆ ಒಬ್ಬನೇ ಕೂತು ಉಣ್ಣುತ್ತಿದ್ದ, ಉಂಡ ತಟ್ಟೆ ತೊಳೆದು ಗೋಡೆಗೆ ಒರಗಿಸಿ ಮೆಟ್ಟಿಲಿಗೆ ಬರುತ್ತಿದ್ದ. ಇಷ್ಟಾಗಿಯೂ ಅವನ ಬಗ್ಗೆ ಒಂದು ಮಾತು ಎಲ್ಲರೂ ಒಪ್ಪುತ್ತಿದ್ದರು. ಅವನು ಬೈಯುವ ಮನುಷ್ಯ, ಸುಳ್ಳು ಹೇಳುವ ಮನುಷ್ಯನಲ್ಲ. ಆ ಒಂದು ಹೆಸರು ಬಿಟ್ಟರೆ ಅವನ ಹತ್ತಿರ ಬೇರೆ ಆಸ್ತಿಯಿರಲಿಲ್ಲ.

ಹಳೇ ಮೇಷ್ಟ್ರ ಮೇಲೆ ಅವನಿಗೆ ಹಳೆಯದೊಂದು ಸಿಟ್ಟಿತ್ತು. ಒಂದು ವರ್ಷ ಮೇಷ್ಟ್ರು ದೂರದ ಊರಿನ ಉದ್ದಕಾಲಿನವನನ್ನು ಕರೆತರುತ್ತೇನೆಂದು ಹೊರಟಿದ್ದರು. ಉದ್ದಕಾಲಿನವನೆಂದರೆ ಒದೆದ ಚೆಂಡನ್ನು ತಾನೇ ಓಡಿ ಹಿಡಿಯುವವನು ಎಂದು ಸುದ್ದಿ. ಅವನು ಬರುವ ದಿನ ಊರಿಗೆ ಊರೇ ಹಾರ ಹಿಡಿದು ದಾರಿಯ ತುದಿಯಲ್ಲಿ ನಿಂತಿತು. ಮೇಷ್ಟ್ರು ಬಂದರು. ಅವರ ಹಿಂದೆ ಬಂದವನು ಗಿಡ್ಡ, ಗುಂಡಗೆ, ಕಂಕುಳಲ್ಲೊಂದು ಬಟ್ಟೆಗಂಟು, ಮುಖದ ತುಂಬ ನಗು. ಊರಿನ ಕೈಯಲ್ಲಿದ್ದ ಹಾರ ಕೈಯಲ್ಲೇ ಬಾಡಿತು. ಉದ್ದಕಾಲಿನವನು ಹೊಳೆ ದಾಟಿ ಆಚೆಯ ಕಾಲೇಜಿಗೆ ಹೋದ, ಮುಂದೆ ವರ್ಷ ವರ್ಷವೂ ಇವರನ್ನು ಸೋಲಿಸಿದ.

ಅದಾದರೂ ಹೋಗಲಿ. ಹೊಗಳುವವನ ಮನೆಗೆ ಗಾಳಿಕಾಲಿನವನನ್ನು ಕೊಟ್ಟ ಮೇಷ್ಟ್ರು, ಮಿಠಾಯಿಯವನ ಮನೆಗೆ ಗೋಲು ಕಾಯುವ ಬಂಡೆಯಂಥವನನ್ನು ಕೊಟ್ಟ ಮೇಷ್ಟ್ರು, ಈ ಗಿಡ್ಡನನ್ನು ತಂದು ತಕರಾರಿನವನ ಬಾಗಿಲು ಬಡಿದರು. ಅಗುಳಿ ತೆಗೆಯುವಷ್ಟರಲ್ಲಿ ತುಂಬ ಹೊತ್ತಾಯಿತು, ಅದು ತುಕ್ಕು ಹಿಡಿದಿತ್ತು. ಮೇಷ್ಟ್ರು ಹೊಸ್ತಿಲಾಚೆಯೇ ನಿಂತು ಹೇಳಿದರು: “ಹುಡುಕ್ಕೊಂಡು ಹೋದೋನು ಸಿಕ್ಕಿದ್ದ ಕಣಯ್ಯ. ಆದ್ರೆ ದಾರೀಲಿ ಇವನನ್ನ ನೋಡಿದೆ. ನೋಡಿದ ತಕ್ಷಣ ನಿನ್ನ ನೆನಪಾಯ್ತು.” ಅಷ್ಟು ಹೇಳಿ ಹೋದರು. ಈ ಸೋಲುಮುಖ ನೋಡಿದರೆ ನನ್ನ ನೆನಪಾಗುತ್ತದಂತೆ ಎಂದು ತಕರಾರಿನವನು ಆ ಮಾತನ್ನು ಎದೆಯಲ್ಲಿ ಮುಳ್ಳಿನ ಹಾಗೆ ಇಟ್ಟುಕೊಂಡ.

ಗಿಡ್ಡ ಆಡಲಿಲ್ಲ. ಬಯಲಂಚಿನ ಬೆಂಚಿನ ಮೇಲೆ ಕೂತ. ವರ್ಷ ಕಳೆದರೂ ಕೂತೇ ಇದ್ದ. ಅವನಿಗೆ ಬೆಂಚಿನವನು ಎಂದೇ ಹೆಸರಾಯಿತು. ಒಮ್ಮೆ, ಒಂದೇ ಒಂದು ಸಲ, ಹೊಳೆಯಾಚೆಯವರ ಮೇಲಿನ ಪಂದ್ಯ ಮುಗಿಯುವ ಹೊತ್ತಿಗೆ ಮೇಷ್ಟ್ರು ಅವನನ್ನು ಒಳಗೆ ಕಳಿಸಿದರು. ಅವನು ಖುಷಿಯಿಂದ ಓಡಿದ, ಖುಷಿಯಿಂದ ಒದ್ದ, ಚೆಂಡು ಹೋಗಿ ತನ್ನದೇ ಗೋಲಿನೊಳಗೆ ಬಿತ್ತು. ಮೆಟ್ಟಿಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನು ವಾಪಸು ಬಂದು ಬೆಂಚಿನ ಮೇಲೆ ಕೂತ. ಏಳು ಎಂದು ಮೇಷ್ಟ್ರು ಹೇಳಲಿಲ್ಲ, ಅವನೂ ಏಳಲಿಲ್ಲ. ಜೊತೆಯಲ್ಲಿ ಬಂದವರು ಓದು ಮುಗಿಸಿ ಎಲ್ಲೆಲ್ಲಿಗೋ ಹೋದರು. ಅವನ ಗಡ್ಡ ನರೆಯಿತು. ಈಗಲೂ ಆಟವಿದ್ದ ದಿನ ಅವನು ಅಲ್ಲೇ ಕೂರುತ್ತಿದ್ದ, ಆಟ ಮುಗಿದ ಮೇಲೆ ತಕರಾರಿನವನ ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದ.

ತೂಗುವ ದಿನ ಬೆಳಿಗ್ಗೆ ತಕರಾರಿನವನು ಮುಖ ತೊಳೆದು ಬಂದಾಗ ನಡುಮನೆಯಲ್ಲಿ ಬಟ್ಟೆಗಂಟು ಕಾಣಿಸಿತು. ಮೇಲೆ ಕಂಬಳಿ ಮಡಚಿಟ್ಟಿತ್ತು. ಬೆಂಚಿನವನು ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದ.

“ಅದ್ಯಾಕ್ಲಾ ಗಂಟು ಕಟ್ಟಿದೀಯ?”

“ಹೊತ್ತು ಮುಳುಗೋದ್ರೊಳಗೆ ಅಂದ್ರೆ ಆಮೇಲೆ ಕಟ್ಟೋಕೆ ಪುರುಸೊತ್ತು ಇರಲ್ಲ, ಮಾವ.”

“ನಾನು ಹೇಳೋದನ್ನ ಹೇಳೇ ಹೇಳ್ತೀನಿ. ಮನೇಲಿದೀಯ ಅಂತ ಮುಲಾಜು ನೋಡೋನಲ್ಲ ನಾನು.”

“ಹೇಳಿ ಮಾವ. ನೀವು ಹೇಳ್ದೆ ಇನ್ಯಾರು ಹೇಳ್ಬೇಕು? ಹೋಗೋಕೆ ನಂಗೇನೂ ಬೇಜಾರಿಲ್ಲ.” ಅವನು ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದ. “ರಾತ್ರಿಗೂ ಆಗೋ ಹಂಗೆ ಮಾಡಿದೀನಿ. ಒಂದೇ ಮಾತು, ಸುಳ್ಳು ಮಾತ್ರ ಹೇಳ್ಬೇಡಿ. ಊದೋಕೆ ನಿಮ್ಮ ಎದೇಲಿ ಕಸುವಿಲ್ಲ.”

“ನಾನು ಸುಳ್ಳು ಹೇಳೋನಾ?” ತಕರಾರಿನವನು ಕೆಂಡವಾದ. “ಈ ಊರಲ್ಲಿ ನನ್ನ ಮಾತಿಗೆ ಚೆಂಡು ಕುಗ್ಗಿದ್ದು ಯಾರಾದ್ರೂ ನೋಡಿದಾರಾ? ಸಾರಿಗೆ ಉಪ್ಪು ಜಾಸ್ತಿ ಸುರೀಬೇಡ, ಅಷ್ಟು ಮಾಡು ಸಾಕು.”

“ಇನ್ನೂ ರುಚೀನೇ ನೋಡಿಲ್ವಲ್ಲ ಮಾವ.”

“ನೋಡ್ಬೇಕಾ? ದಿನಾ ಜಾಸ್ತೀನೇ.”

ಅವನು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ದಾರಿಯುದ್ದಕ್ಕೂ ಆ ಗಂಟು ಕಣ್ಣಮುಂದೆಯೇ ಇತ್ತು. ಎಷ್ಟು ಸಣ್ಣ ಗಂಟು, ಬಂದ ದಿನ ಎಷ್ಟಿತ್ತೋ ಅಷ್ಟೇ ಇದೆಯಲ್ಲ ಎಂದು ಯಾಕೋ ಸಿಟ್ಟು ಬಂತು. ಇಷ್ಟು ವರ್ಷ ಇದ್ದು ಇವನು ಏನನ್ನೂ ಕೂಡಿಸಿಕೊಳ್ಳಲಿಲ್ಲವೇ ಎಂದು ಬೈದುಕೊಂಡ.

ಮೆಟ್ಟಿಲು ತುಂಬಿತ್ತು. ಬಯಲ ನಡುವೆ ಚೆಂಡು ಬಿಗಿಯಾಗಿ ಕೂತಿತ್ತು. ಆಚೆ ಅಂಚಿನ ಬೆಂಚಿನ ಮೇಲೆ ಬೆಂಚಿನವನು, ಪಕ್ಕದಲ್ಲಿ ಹಳೇ ಮೇಷ್ಟ್ರ ಸೀಟಿ. ಮೆಟ್ಟಿಲಜ್ಜಿ ಕೋಲಿನಿಂದ ಕಲ್ಲು ಕುಟ್ಟಿ ಕೇಳಿದಳು: “ಹಳೇ ಮೇಷ್ಟ್ರು ಕರೆತಂದದ್ದು ಹೆಂಗೆ?”

ಹೊಗಳುವವನು ಎದ್ದ. ಅವನ ಗಂಟಲು ದೊಡ್ಡದು. “ಗಾಳಿಕಾಲಿನೋನನ್ನ ತಂದೋರು ಯಾರು?”

“ಹಳೇ ಮೇಷ್ಟ್ರು!” ಎಂದಿತು ಮೆಟ್ಟಿಲು.

“ಬಂಡೆಯಂಥೋನನ್ನ ತಂದೋರು ಯಾರು?”

“ಹಳೇ ಮೇಷ್ಟ್ರು!”

“ಹೊಳೆಯಾಚೆಯೋರು ಅಳ್ತಾ ದೋಣಿ ಹತ್ತಿದ್ದು ಯಾರಿಂದ?”

“ಹಳೇ ಮೇಷ್ಟ್ರಿಂದ!”

ಚೆಂಡು ಬಿಗಿಯಾಗಿಯೇ ಇತ್ತು. ತಕರಾರಿನವನು ಕೆಮ್ಮಿ ಎದ್ದುನಿಂತ. “ದೋಣಿ ಹತ್ತಿಸಿದ ವರ್ಷ ಆಡಿದ್ದು ಯಾರು? ಅವರಿಗಿಂತ ಮುಂಚಿನ ಮೇಷ್ಟ್ರು ಕರೆತಂದೋರು. ಇನ್ನೊಬ್ಬರು ಬೇಯಿಸಿದ ಅಡುಗೇನ ಇವರು ಬಡಿಸಿದ್ರು, ಅಷ್ಟೇ.”

ಮೆಟ್ಟಿಲ ಒಂದು ಮಗ್ಗುಲು ಹೌದೆಂದಿತು, ಇನ್ನೊಂದು ಮಗ್ಗುಲು ಅಲ್ಲವೆಂದಿತು. ಚೆಂಡು ಕದಲಲಿಲ್ಲ. “ಗಾಳಿಕಾಲಿನೋನು ಮಾರನೇ ವರ್ಷವೇ ಮಂಡಿ ಹಿಡ್ಕೊಂಡು ಕೂತ” ಎಂದ ತಕರಾರಿನವನು.

“ಹಂಗಂತ ತರಬಾರದಿತ್ತಾ?” ಎಂದಳು ಅಜ್ಜಿ.

“ಹಂಗಂದಿಲ್ಲ. ಮಂಡಿ ನೋಡಿ ತರಬೇಕಿತ್ತು ಅಂದೆ.”

ಎಲ್ಲರೂ ನಕ್ಕರು. ಮಾತು ಏರಿತು. ನಮ್ಮೂರ ಹುಡುಗರನ್ನು ಬಿಟ್ಟು ಹೊರಗಿನವರನ್ನೇ ತಂದರು ಎಂದು ಒಬ್ಬ. ನಮ್ಮೂರ ಹುಡುಗರಿಗೆ ಮೆಟ್ಟಿಲು ಹತ್ತಿದರೇ ಏದುಸಿರು ಬರುತ್ತಲ್ಲಪ್ಪ ಎಂದು ಇನ್ನೊಬ್ಬ. ಗೋಲು ಕಾಯುವವರನ್ನು ಆರಿಸುವುದರಲ್ಲಿ ಮೇಷ್ಟ್ರ ಕಣ್ಣು ಕಣ್ಣೇ, ಮುಂದೆ ಆಡುವವರ ವಿಷಯದಲ್ಲಿ ಮಾತ್ರ ಪೊರೆ ಬಂದಿತ್ತು ಎಂದು ಮತ್ತೊಬ್ಬ. ಬೆಲ್ಲ, ಕಡಲೆ ಕೈಯಿಂದ ಕೈಗೆ ದಾಟಿದವು.

ಆಗ ಮಿಠಾಯಿಯವನು ಎದ್ದು, ಹೊಟ್ಟೆಯ ಮೇಲೆ ಕೈಯಾಡಿಸುತ್ತ ಹೇಳಿದ: “ಉದ್ದಕಾಲಿನೋನು ಒಂದಿನ ಹೊಳೆ ದಾಟಿ ನಮ್ಮಂಗಡಿಗೆ ಬಂದಿದ್ದ ಕಣ್ರಪ್ಪ. ಲಾಡು ತಿಂದು, ಕಣ್ಣಲ್ಲಿ ನೀರು ಹಾಕ್ಕೊಂಡು, ಇಂಥಾ ಊರಿಗೆ ಬರದೆ ಕೆಟ್ಟೆ ಅಂದ.”

ಉಸ್ಸೆಂದಿತು ಚೆಂಡು. ಒಂದು ಪಕ್ಕ ತಗ್ಗಿತು.

“ಅಂಗಡಿಗೆ ಬಂದಿದ್ದು ನಿಜ” ಎಂದು ಮಿಠಾಯಿಯವನು ತಲೆ ಕೆರೆದುಕೊಂಡ.

“ಹೋಗೋ, ಹೋಗಿ ಊದು” ಎಂದಳು ಅಜ್ಜಿ. ಅವನು ಪಂಚೆ ಎತ್ತಿಕಟ್ಟಿ ಬಯಲಿಗಿಳಿದ, ಚೆಂಡಿನ ಬಾಯಿಗೆ ಬಾಯಿಟ್ಟು “ಲಾಡು ಗಟ್ಟಿಯಾಗಿದೆ ಅಂತ ಬೈದು ಹೋದ” ಎಂದು ನಿಜ ಹೇಳಿ ಊದಿದ. ಚೆಂಡು ತುಂಬಿತು. ಹಾಗೆ ಆ ದಿನ ಹಲವರು ಇಳಿದರು, ಹಲವರು ಊದಿದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಕರೆತಂದವರಲ್ಲಿ ಊರಲ್ಲೇ ಇದ್ದವರೆಲ್ಲ ಒಬ್ಬೊಬ್ಬರಾಗಿ ತೂಗಿಸಿಕೊಂಡು ಆಚೆ ಬದಿಗೆ ಹೋದರು, ಎಲ್ಲರೂ ಉಳಿದರು. ನೆರಳು ಉದ್ದವಾಯಿತು. ಕೊನೆಗೆ ಒಬ್ಬನೇ ಒಬ್ಬ ಬಾಕಿ.

“ಬೆಂಚಿನೋನು” ಎಂದಳು ಅಜ್ಜಿ.

ಹೊಗಳುವವನು ಎದ್ದ. “ಒಳ್ಳೇ ಮನುಷ್ಯ” ಎಂದಷ್ಟೇ ಹೇಳಿ ಕೂತ. ಎಲ್ಲರ ಕಣ್ಣೂ ತಕರಾರಿನವನ ಕಡೆ ತಿರುಗಿದವು. ಬೆಂಚಿನವನೂ ನೋಡುತ್ತಿದ್ದ. ಅಷ್ಟು ದೂರದಿಂದ ಅವನ ಮುಖ ಕಾಣಿಸುತ್ತಿರಲಿಲ್ಲ, ಕಾಲ ಬಳಿ ಇಟ್ಟುಕೊಂಡಿದ್ದ ಗಂಟು ಮಾತ್ರ ಕಾಣಿಸುತ್ತಿತ್ತು.

ಇಷ್ಟು ವರ್ಷ ಕಾದಿದ್ದ ಮಾತು ತಕರಾರಿನವನ ಬಾಯಿಗೆ ಸಲೀಸಾಗಿ ಬಂತು. “ಇವನನ್ನ ತಂದಿದ್ದಕ್ಕೆ ಉದ್ದಕಾಲಿನೋನು ಕೈತಪ್ಪಿದ.” ಚೆಂಡು ಕದಲಲಿಲ್ಲ. “ಇವನು ಆಡಿದ್ದು ಒಂದೇ ಸಲ, ಹೊಡೆದಿದ್ದು ನಮ್ಮ ಗೋಲಿಗೇ.” ಕದಲಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. “ಎಲ್ಲರ ಮನೆಗೂ ಗೆಲ್ಲೋರನ್ನ ಕೊಟ್ರು, ನನ್ನ ಮನೆಗೆ ಇವನನ್ನ ಕೊಟ್ರು. ಇವನನ್ನ ನೋಡಿದ ತಕ್ಷಣ ನಿನ್ನ ನೆನಪಾಯ್ತು ಅಂತ ನನ್ನ ಹೊಸ್ತಿಲಲ್ಲಿ ನಿಂತು ಅಂದ್ರು. ನನಗೆ ಅವಮಾನ ಆಯ್ತು.” ಆಗಲೂ ಚೆಂಡು ಕದಲಲಿಲ್ಲ, ಅವಮಾನವಾದದ್ದು ನಿಜವೇ. ಅವನು ಟವೆಲನ್ನು ಹೆಗಲಿಂದ ತೆಗೆದು ಮತ್ತೆ ಹಾಕಿಕೊಂಡ. ಹೊತ್ತು ಇಳಿಯುತ್ತಿತ್ತು. ಕಡ್ಡಿ ಮುರಿದ ಹಾಗೆ ಹೇಳಿದ:

“ಇವನನ್ನ ತರಬಾರದಿತ್ತು.”

ಉಸ್ಸೆಂದು ಶುರುವಾದ ಸದ್ದು ನಿಲ್ಲಲಿಲ್ಲ. ಒಂದು ಪಕ್ಕ ತಗ್ಗಿತು, ಇನ್ನೊಂದು ಪಕ್ಕ ತಗ್ಗಿತು, ನೆತ್ತಿ ಕುಸಿಯಿತು. ಮೆಟ್ಟಿಲ ಮೇಲೆ ಕಡಲೆ ಅಗಿಯುವುದು ನಿಂತಿತು. ಎಲ್ಲರೂ ನೋಡನೋಡುತ್ತಿದ್ದಂತೆ ಚೆಂಡು ಆರಿದ ಪೂರಿಯ ಹಾಗೆ ಬಯಲಿಗೆ ಅಂಟಿಕೊಂಡಿತು.

ತಕರಾರಿನವನು ಬಯಲ ಕಡೆ ಬೆರಳು ಮಾಡಿದ. “ಚೆಂಡು ಹಳೇದು. ಎಲ್ಲೋ ತೂತಾಗಿದೆ” ಎಂದ. “ನಾನು ಸುಳ್ಳು ಹೇಳೋನಲ್ಲ. ಇವನು ಇದ್ರೆಷ್ಟು, ಹೋದ್ರೆಷ್ಟು. ನಂಗೇನೂ ಆಗಬೇಕಾದ್ದಿಲ್ಲ.”

ಚೆಂಡಿನ ತೊಗಲು ಮುದುಡಿ ಮಡಿಕೆ ಬಿತ್ತು.

“ಸಾಕು ಬಿಡೋ” ಎಂದಳು ಮೆಟ್ಟಿಲಜ್ಜಿ. ಅವಳ ದನಿ ಮೆತ್ತಗಿತ್ತು. “ಇನ್ನೂ ಸುಳ್ಳು ಹೇಳ್ಬೇಡ. ಬಿಡೋಕೆ ಅದರೊಳಗೆ ಗಾಳಿ ಉಳಿದಿಲ್ಲ.”

ಅವನು ಬಯಲಿಗಿಳಿದ. ಆಡದವರು ಬಯಲಿಗಿಳಿಯುವುದು ಸುಳ್ಳು ಹೇಳಿದ ದಿನ ಮಾತ್ರ. ಅವನಿಗೆ ಅದೇ ಮೊದಲು. ಹುಲ್ಲು ಇಷ್ಟು ಮೆತ್ತಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಡುವೆ ಹೋಗಿ ಮಂಡಿಯೂರಿ ಕೂತು, ಚೆಂಡನ್ನು ಮಡಿಲಿಗೆ ಎತ್ತಿಕೊಂಡ. ನಿಜ ಹೇಳಬೇಕು, ಊದಬೇಕು. ಮೊದಲು ಸಿಟ್ಟಿನಲ್ಲಿ ಏನೂ ಹೇಳದೆಯೇ ಊದಿದ. ಗಾಳಿ ಹೋದ ಹಾಗೆಯೇ ವಾಪಸು ಬಂದು ಅವನ ಮುಖಕ್ಕೆ ಬಡಿಯಿತು.

ಆಗ ಅವನು ಚೆಂಡಿನ ಕಿವಿಗೆಂಬಂತೆ ಮೆಲ್ಲಗೆ ಹೇಳಿದ. “ಅವನು ಬರೋ ಮುಂಚೆ ನಾನು ಅಗುಳಿ ಹಾಕ್ಕೊಂಡು ಉಣ್ತಿದ್ದೆ. ಅವನು ಬಂದ್ಮೇಲೆ ಅಗುಳಿ ಎಲ್ಲೋಯ್ತು ಅಂತಾನೇ ಗೊತ್ತಿಲ್ಲ.” ಊದಿದ. ಗಾಳಿ ನಿಂತಿತು.

“ಉಪ್ಪು ಜಾಸ್ತಿ ಅಂತ ದಿನಾ ಬೈದೆ. ಉಪ್ಪು ಒಂದಿನಾನೂ ಜಾಸ್ತಿ ಇರಲಿಲ್ಲ. ಬೈಯೋಕೆ ಎದುರಿಗೊಬ್ಬ ಕೂತಿದಾನಲ್ಲ ಅಂತ ಅನ್ನ ಸೇರ್ತಿತ್ತು.” ಊದಿದ.

“ನಂಗೆ ಚಳಿಜ್ವರ ಬಂದಾಗ ಅವನು ಕಣ್ಣು ಮುಚ್ಚಲಿಲ್ಲ. ಬೆಳಗಾದ ಮೇಲೆ, ಒಲೆ ಹಚ್ಚೋಕೆ ತಡ ಮಾಡ್ದೆ ಅಂತ ರೇಗಿದೆ. ರೇಗಿ, ಗೋಡೆ ಕಡೆ ತಿರುಗಿ ಅತ್ತೆ.” ಊದಿದ.

“ಗೋಡೆಯಾಚೆ ನಮ್ಮಣ್ಣನ ಮನೆಗೆ ಅವನು ಪಲ್ಯ ಕೊಟ್ಟು ಬರ್ತಿದ್ದ. ಗೊತ್ತಿದ್ದೂ ಗೊತ್ತಿಲ್ಲದವನ ಹಂಗಿದ್ದೆ. ಈಗ ಅಣ್ಣ ದಾರೀಲಿ ಸಿಕ್ರೆ ಮಾತಾಡಿಸ್ತಾನೆ.” ಊದಿದ.

“ಅವನು ನಮ್ಮ ಗೋಲಿಗೇ ಹೊಡೆದ ದಿನ ಇಡೀ ಬೀದಿ ನಗ್ತಿತ್ತು. ನಾನು ಬಾಗಿಲ ಮುಂದೆ ನಿಂತು ಎಲ್ಲರ ಜೊತೆ ಜಗಳ ಆಡ್ದೆ. ನಮ್ಮನೆಯೋನನ್ನ ನಾನು ಬೈತೀನಿ, ನೀವ್ಯಾರು ಅಂದೆ. ನಮ್ಮನೆಯೋನು ಅಂದೆ.” ಊದಿದ.

ಹೇಳಬೇಕಾದ್ದು ಇನ್ನೂ ಇತ್ತು. ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ, ಒಂದನ್ನು ಹೇಳಿದರೆ ಅದರ ಹಿಂದೆ ಇನ್ನೊಂದು ಬಂದು ನಿಲ್ಲುತ್ತಿತ್ತು. ಆದರೆ ಎದೆಯ ಕಸುವು ಮುಗಿಯಿತು. ಚೆಂಡು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿತ್ತು. ಕಣ್ಣು ಕತ್ತಲಿಟ್ಟು ಅವನ ಕೈ ಸಡಿಲವಾಯಿತು, ಗಾಳಿ ಸುಯ್ಯೆಂದಿತು. ಅಷ್ಟರಲ್ಲಿ ಯಾರದೋ ಹೆಬ್ಬೆರಳು ಬಂದು ಚೆಂಡಿನ ಬಾಯಿಯನ್ನು ಒತ್ತಿಹಿಡಿಯಿತು.

“ಕಸುವಿಲ್ಲ ಅಂತ ಬೆಳಿಗ್ಗೇನೇ ಹೇಳಿದ್ದೆ” ಎಂದ ಬೆಂಚಿನವನು.

“ನೀನ್ಯಾಕ್ಲಾ ಎದ್ದು ಬಂದೆ? ಸುಳ್ಳು ಹೇಳಿದೋನೇ ಊದಬೇಕು.”

ಬೆಂಚಿನವನು ಮೆಟ್ಟಿಲ ಕಡೆ ತಿರುಗಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಊರು ಕೇಳಿರಲಿಲ್ಲ. “ಅಜ್ಜೀ, ಬೆಳಿಗ್ಗೆ ಮನೇಲಿ ನಾನೂ ಒಂದು ಸುಳ್ಳು ಹೇಳಿದೀನಿ. ಹೋಗೋಕೆ ಬೇಜಾರಿಲ್ಲ ಅಂದೆ.”

ಮೆಟ್ಟಿಲಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಸುಳ್ಳು ಎಲ್ಲಿ ಹೇಳಿದ್ರೂ ಸುಳ್ಳೇ ಅಲ್ವೇನೋ. ಊದು.”

ಅವನು ಚೆಂಡಿಗೆ ಬಾಯಿಟ್ಟು ಏನೋ ಹೇಳಿದ. ಮೆಟ್ಟಿಲಿಗೆ ಕೇಳಿಸಲಿಲ್ಲ. ಪಕ್ಕದಲ್ಲೇ ಇದ್ದ ತಕರಾರಿನವನಿಗೆ ಕೇಳಿಸಿತು. ಕೇಳಿಸಿಕೊಂಡು ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಬೆಂಚಿನವನು ಊದಿದ. ಇವನ ಉಸಿರಿನ ಮೇಲೆ ಅವನ ಉಸಿರು ಸೇರಿ ಚೆಂಡು ತುಂಬಿತು, ಬೆಳಿಗ್ಗೆ ಇದ್ದದ್ದಕ್ಕಿಂತ ಬಿಗಿಯಾಯಿತು. ಬೆರಳಿನಿಂದ ತಟ್ಟಿದರೆ ಡಂಗುರದ ಹಾಗೆ ಸದ್ದು ಬರುತ್ತಿತ್ತು.

ಸೂರ್ಯ ಬೇವಿನ ಮರದ ಹಿಂದೆ ಸರಿದ. ಅಜ್ಜಿ ಕೋಲು ಕುಟ್ಟಿದಳು. “ಹಳೇ ಮೇಷ್ಟ್ರು ಕರೆತಂದದ್ದು ಹೆಂಗೆ?”

“ಒಳ್ಳೇದನ್ನೇ ತಂದ್ರು” ಎಂದಿತು ಇಡೀ ಮೆಟ್ಟಿಲು. ಹೊಸ ಮೇಷ್ಟ್ರು ನಿಟ್ಟುಸಿರು ಬಿಟ್ಟು, ಬಟ್ಟೆಗೆ ಅಂಟಿದ ಮಣ್ಣು ಕೊಡವಿ ಎದ್ದರು.

“ತಕರಾರಿದೆ” ಎಂದ ತಕರಾರಿನವನು.

ಹೊಸ ಮೇಷ್ಟ್ರು ಮತ್ತೆ ಕೂತರು. ಮಿಠಾಯಿಯವನು ಹಣೆ ಚಚ್ಚಿಕೊಂಡ. “ಇನ್ನೇನಯ್ಯಾ ನಿಂದು?”

“ತೂಕ ಪೂರ್ತಿ ಆಗಿಲ್ಲ. ಮೇಷ್ಟ್ರು ಕರೆತಂದೋರಲ್ಲಿ ಒಬ್ಬನ್ನ ಬಿಟ್ಟುಬಿಟ್ರಿ.”

“ಯಾರನ್ನೋ?” ಎಂದಳು ಅಜ್ಜಿ. “ಎಲ್ಲರ ಹೆಸರೂ ಆಯ್ತಲ್ಲ.”

ಅವನು ಬಯಲ ನಡುವೆ ನಿಂತೇ ಇದ್ದ. ಹೊಸ್ತಿಲಾಚೆ ನಿಂತು ಮೇಷ್ಟ್ರು ಹೇಳಿದ ಮಾತು ಅವನಿಗೆ ಕಿವಿಯ ಹತ್ತಿರವೇ ಹೇಳಿದ ಹಾಗೆ ಕೇಳಿಸಿತು. ಹುಡುಕಿಕೊಂಡು ಹೋದವನು ಸಿಕ್ಕಿದ್ದ. ಸಿಕ್ಕಿದವನನ್ನು ಬಿಟ್ಟುಕೊಟ್ಟು, ವರ್ಷ ವರ್ಷವೂ ಸೋಲುವುದನ್ನು ಒಪ್ಪಿಕೊಂಡು, ಊರಿನ ಬಾಯಿಗೆ ಬಿದ್ದು, ಮೇಷ್ಟ್ರು ದಾರಿಯಲ್ಲಿ ತನ್ನನ್ನು ನೆನೆದಿದ್ದರು. ತುಕ್ಕು ಹಿಡಿದ ಅಗುಳಿಯ ಹಿಂದಿದ್ದ ತನ್ನನ್ನು.

“ನನ್ನನ್ನ” ಎಂದ ಅವನು. “ಎಲ್ಲರನ್ನೂ ದೂರದಿಂದ ಕರೆತಂದ್ರು. ಎಲ್ಲರಿಗಿಂತ ದೂರದಿಂದ ನನ್ನನ್ನ ಕರೆತಂದ್ರು. ಆ ಮನೆಯೊಳಗಿಂದ.”

ಊರು ಚೆಂಡನ್ನು ನೋಡಿತು. ಚೆಂಡು ಹಾಗೆಯೇ ಇತ್ತು. ಕೂದಲೆಳೆಯಷ್ಟೂ ತಗ್ಗಲಿಲ್ಲ.

ಮೆಟ್ಟಿಲ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಗಳುವವನಿಗೆ, ಗಾಳಿಕಾಲಿನವನು ಬರುವ ಮುಂಚೆ ತನ್ನ ಮನೆಯಲ್ಲಿ ನಗುವ ಸದ್ದೇ ಇರಲಿಲ್ಲವೆಂಬುದು ನೆನಪಾಯಿತು. ಮಿಠಾಯಿಯವನು ಅಜ್ಜಿಯ ಕೈಗೆ ಬೆಲ್ಲದ ಚೂರು ಕೊಟ್ಟ. ಅಜ್ಜಿ ಅದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಚೀಪಿದಳು. ಆಮೇಲೆ, ತೂಗಿ ಆಯಿತು ಎಂದಳು.

ಹೊಸ ಮೇಷ್ಟ್ರು ಬೆಂಚಿನ ಮೇಲಿದ್ದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡರು. ಮೊದಲ ಒದೆ ಅವರದಾಗಬೇಕು, ಅದೂ ಕಟ್ಟಳೆಯೇ. ಆದರೆ ಅವರು ಚೆಂಡಿನ ತನಕ ಬಂದು, ಒಮ್ಮೆ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ಬೆಂಚಿನವನಿಗೆ ತಲೆಯಾಡಿಸಿದರು. ಬೆಂಚಿನವನು ನಂಬದೆ ತಕರಾರಿನವನನ್ನು ನೋಡಿದ.

“ಒದಿಯೋ. ನನ್ನೇನು ನೋಡ್ತೀಯ?”

ನರೆತ ಗಡ್ಡದ ಬೆಂಚಿನವನು ಖುಷಿಯಿಂದ ಓಡಿಬಂದ, ಖುಷಿಯಿಂದ ಒದ್ದ. ಚೆಂಡು ಎತ್ತರಕ್ಕೆ ಹಾರಿ, ಸಂಜೆಯ ಬಿಸಿಲಲ್ಲಿ ಒಂದು ಸುತ್ತು ತಿರುಗಿ, ನೆಟ್ಟಗೆ ಹೋಗಿ ಈ ಸಲವೂ ತಮ್ಮೂರಿನದೇ ಗೋಲಿನೊಳಗೆ ಬಿತ್ತು.

ನಕ್ಕರೆ ತಕರಾರಿನವನು ಜಗಳಕ್ಕೆ ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಮೊದಲು ನಕ್ಕವನು ಅವನೇ. ಸೊಂಟ ಹಿಡಿದುಕೊಂಡು, ಇಷ್ಟು ವರ್ಷದ ನಗುವನ್ನೆಲ್ಲ ಒಟ್ಟಿಗೆ ನಕ್ಕ. ಆಮೇಲೆ ಮೆಟ್ಟಿಲು ನಕ್ಕಿತು, ಬೆಂಚಿನವನೂ ನಕ್ಕ. ಹಳೇ ಮೇಷ್ಟ್ರು ಹೋದ ದಾರಿ ಬಯಲಾಚೆ ಖಾಲಿಯಾಗಿ ಮಲಗಿತ್ತು. ತಕರಾರಿನವನು ಅದರ ಕಡೆ ತಿರುಗಿ, ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ತಲೆ ಬಾಗಿಸಿ ನಿಂತ.

ಆಮೇಲೆ ಬೆಂಚಿನ ಬಳಿ ಬಿದ್ದಿದ್ದ ಬಟ್ಟೆಗಂಟನ್ನು ತಾನೇ ಎತ್ತಿ ಕಂಕುಳಿಗೆ ಸೇರಿಸಿಕೊಂಡ. “ನಡಿ, ಸಾರು ಆರಿರುತ್ತೆ” ಎಂದ.

“ಉಪ್ಪು ಜಾಸ್ತಿ ಆಗಿದ್ಯೋ ಏನೋ, ಮಾವ.”

“ಆಗಿರುತ್ತೆ ಬಿಡು.”

ಹಿಂದೆ ಗೋಲಿನೊಳಗೆ ಬಿದ್ದಿದ್ದ ಚೆಂಡು ಒಂದಿಷ್ಟು, ಒಂದೇ ಒಂದಿಷ್ಟು, ಉಸ್ಸೆಂದಿತು. ಇಬ್ಬರೂ ಕೇಳಿಸಿಕೊಂಡರು. ಯಾರೂ ಹಿಂತಿರುಗಲಿಲ್ಲ.